"ಯುಗಾದಿ ಯಾವಾಗ ಐತ್ರೀ?": ಒಂದು ಜವಳಿ ಅಂಗಡಿಯ ಡ್ಯಾಶ್‌ಬೋರ್ಡ್ ಪ್ರಕರಣ

2024ರ ಮಾರ್ಚ್ 23, ಶನಿವಾರ. ರಾತ್ರಿ ಹತ್ತರ ಸುಮಾರಿಗೆ ಹುಬ್ಬಳ್ಳಿಯಿಂದ ಫೋನ್ ಬಂತು. ಅಲ್ಲಿಂದ ನನಗೆ ಫೋನ್ ಮಾಡುತ್ತಿದ್ದವರು ಯಾವಾಗಲೂ ಸಣ್ಣ ಸಾವ್ಕಾರರು. ಈ ಸಲ ದೊಡ್ಡವರು.

"ಸರ್ರ, ಊಟ ಆತ್ರೀ?"

"ಆಯ್ತು ಸಾವ್ಕಾರ್ರೇ, ಹೇಳಿ."

"ಯುಗಾದಿ ಯಾವಾಗ ಐತ್ರೀ?"

ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿ ಏಪ್ರಿಲ್ ಒಂಬತ್ತು ಅಂದೆ.

"ಹೋದ ವರ್ಷ ಯಾವಾಗಿತ್ರೀ?"

ಇದಕ್ಕೆ ಮೊಬೈಲ್ ನೋಡಬೇಕಾಯಿತು. ಮಾರ್ಚ್ 22. ಹೇಳುವಾಗಲೇ ಎದೆ ಧಸಕ್ಕೆಂದಿತು. ಅವರ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಾಗಿತ್ತು.

"ಹಂಗಾದ್ರ ನಿಮ್ಮ ಕಂಪ್ಯೂಟರ್‌ನಾಗ ನಮ್ಮ ಐದೂ ಅಂಗಡಿ ಕೆಂಪಗ ಯಾಕ ಅದಾವ್ರೀ? ಹಬ್ಬನ ಇನ್ನ ಬಂದಿಲ್ಲಲ್ರೀ."

ಕಂಪನಿಗಳಿಗೆ ಡ್ಯಾಶ್‌ಬೋರ್ಡ್, ಅಂದರೆ ವ್ಯಾಪಾರದ ಅಂಕಿಗಳನ್ನು ಒಂದೇ ಕಡೆ ತೋರಿಸುವ ಪರದೆ, ಮಾಡಿಕೊಡುವುದು ನನ್ನ ಕಸುಬು. ಮೊದಲು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸಂಸ್ಥೆಯಲ್ಲಿದ್ದು ಅಮೆರಿಕದ ವಿಮಾ ಕಂಪನಿಯೊಂದಕ್ಕೆ ವರದಿ ಮಾಡಿಕೊಡುತ್ತಿದ್ದೆ. ಈಗ ಸ್ವಂತ. ಈ ಬರಹದಲ್ಲಿರುವುದು ಆ ಜವಳಿ ಅಂಗಡಿಯ ಕೆಲಸದ ಕಥೆ: ನಾನೆಲ್ಲಿ ಎಡವಿದೆ, ಅದರಿಂದ ಯಾರಿಗೆ ಪೆಟ್ಟಾಯಿತು, ಸರಿಪಡಿಸಲು ಏನು ಮಾಡಿದೆ. ಅಂಗಡಿಯ ಹೆಸರು ಹೇಳುವುದಿಲ್ಲ. ಅವರ ವ್ಯಾಪಾರದ ಅಂಕಿಗಳನ್ನೂ ಗುರುತು ಸಿಗದಷ್ಟು ಬದಲಿಸಿದ್ದೇನೆ. ಹಬ್ಬ, ಚುನಾವಣೆ, ತೆರಿಗೆಯ ವಿವರಗಳು ಇದ್ದಂತೆಯೇ ಇವೆ.

ಗಿರಾಕಿ ಯಾರು

ಖಣ, ಇಳಕಲ್ ಸೀರೆಯಿಂದ ಶುರುವಾದ ಅಂಗಡಿ. ಈಗ ಐದು: ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ, ಬ್ಯಾಡಗಿ. ಹುಬ್ಬಳ್ಳಿಯ ಗಲ್ಲಾದ ಮೇಲೆ ಇವತ್ತಿಗೂ ಕೂರುವವರು ದೊಡ್ಡ ಸಾವ್ಕಾರರು. ಅವರ ಮಗ, ಅಂದರೆ ಸಣ್ಣ ಸಾವ್ಕಾರರು, ಪುಣೆಯಲ್ಲಿ ಎಂಬಿಎ ಮುಗಿಸಿ ಬಂದವರು. ಗೆಳೆಯರೊಬ್ಬರ ಕಾರ್ಖಾನೆಯಲ್ಲಿ ಗೋಡೆಗೆ ಟಿವಿ ಹಾಕಿ ಅದರಲ್ಲಿ ಅಂಕಿ-ಅಂಶ ಓಡಿಸುವುದನ್ನು ನೋಡಿದ್ದರು. "ನಮಗೂ ಅಂಥಾದ್ದೊಂದು ಬೇಕು ಸರ್, ಬೆಳಿಗ್ಗೆ ಎದ್ದ ಕೂಡಲೇ ಐದೂ ಅಂಗಡಿ ಮೊಬೈಲಿನಲ್ಲಿ ಕಾಣಬೇಕು" ಎಂದರು. ಮೂರು ತಿಂಗಳು, ಐದು ಪುಟ, ಏಳು ಲಾಗಿನ್, ಮೂರು ಕಂತಿನಲ್ಲಿ ಹಣ ಎಂದು ಮಾತಾಯಿತು. ಜನವರಿಯಲ್ಲಿ ಕೆಲಸ ಶುರು ಮಾಡಿದೆ.

ಉಪಕರಣ ಮೈಕ್ರೋಸಾಫ್ಟಿನ ಪವರ್ ಬಿಐ. ಡೆಸ್ಕ್‌ಟಾಪ್ ಆವೃತ್ತಿಗೆ ದುಡ್ಡಿಲ್ಲ, ಹಂಚಿಕೊಂಡು ನೋಡುವುದಕ್ಕೆ ಪ್ರೋ ಲೈಸೆನ್ಸ್ ಬೇಕು. ಆಗ ಅದು ಒಬ್ಬರಿಗೆ ತಿಂಗಳಿಗೆ 10 ಡಾಲರ್ ಇತ್ತು. ಇಂಥ ಮಧ್ಯಮ ವ್ಯಾಪಾರಕ್ಕೆ ಅದಕ್ಕಿಂತ ದೊಡ್ಡದೇನೂ ಬೇಕಾಗುವುದಿಲ್ಲ. ಬೇಕು ಅಂತ ಹೇಳುವ ಸಲಹೆಗಾರರೂ ಇದ್ದಾರೆ, ಅದು ಬೇರೆ ಮಾತು.

ಒಂದೇ ದಿನ, ಮೂರು ಲೆಕ್ಕ

ಮೊದಲ ತಿಂಗಳು ಒಂದು ಗ್ರಾಫ್ ಕೂಡ ಹಾಕಲಿಲ್ಲ. "ಮಾರಾಟ" ಅಂದರೆ ಏನು ಅನ್ನುವುದಕ್ಕೇ ಆ ತಿಂಗಳು ಹೋಯಿತು.

ಗದಗದ ಅಂಗಡಿಯ ಒಂದು ದಿನವನ್ನು ತೆಗೆದುಕೊಂಡು ಮೂರು ಕಡೆ ಕೇಳಿದೆ. ಮ್ಯಾನೇಜರು ಅಂದು ರಾತ್ರಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದು 1,87,400 ರೂಪಾಯಿ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ 1,71,950. ಹುಬ್ಬಳ್ಳಿಯಲ್ಲಿ ಲೆಕ್ಕ ಬರೆಯುವವರ ಟ್ಯಾಲಿ ತಂತ್ರಾಂಶದಲ್ಲಿ 1,56,400. ಮೂವರೂ ಸುಳ್ಳು ಹೇಳಿರಲಿಲ್ಲ.

ಮ್ಯಾನೇಜರ್ ಹೇಳಿದ್ದು ಗಲ್ಲಾಕ್ಕೆ ಬಂದ ದುಡ್ಡು. ಆ ದಿನದ ಬಿಲ್ಲುಗಳಲ್ಲಿ 9,500 ರೂಪಾಯಿ ಉದ್ರಿ ಹೋಗಿತ್ತು, ಅದನ್ನು ಕಳೆದಿದ್ದರು. ಹಳೇ ಉದ್ರಿಯ 24,950 ವಸೂಲಾಗಿತ್ತು, ಅದನ್ನು ಕೂಡಿಸಿದ್ದರು. ಅವರಿಗೆ ವ್ಯಾಪಾರ ಅಂದರೆ ಕೈಗೆ ಬಂದದ್ದು. ಟ್ಯಾಲಿಯವರು ವಾಪಸ್ ಬಂದ ಮಾಲಿನ 6,300 ಕಳೆದು, ಉಳಿದದ್ದರಲ್ಲಿ ಜಿಎಸ್‌ಟಿ 9,250 ಬೇರೆ ತೆಗೆದಿದ್ದರು. ತೆರಿಗೆ ಸರ್ಕಾರದ್ದು, ಅಂಗಡಿಯದಲ್ಲ.

ತೆರಿಗೆ ಸೇರಿಸಬೇಕೋ ಬೇಡವೋ ಅನ್ನುವುದು ಬರೀ ಲೆಕ್ಕಿಗರ ಹಟವಲ್ಲ. ಆಗ ಸಿದ್ಧ ಉಡುಪಿಗೆ ಒಂದು ಸಾವಿರ ರೂಪಾಯಿವರೆಗೆ 5%, ಅದರ ಮೇಲೆ 12% ಜಿಎಸ್‌ಟಿ. ಹುಬ್ಬಳ್ಳಿಯಲ್ಲಿ ದುಬಾರಿ ರೆಡಿಮೇಡ್ ಹೆಚ್ಚು ಹೋಗುತ್ತದೆ, ಬ್ಯಾಡಗಿಯಲ್ಲಿ ಅಗ್ಗದ್ದು. ತೆರಿಗೆ ಸೇರಿಸಿ ಹೋಲಿಸಿದರೆ ಹುಬ್ಬಳ್ಳಿ ಇರುವುದಕ್ಕಿಂತ ಕೊಂಚ ದಪ್ಪ ಕಾಣುತ್ತದೆ. 2025ರ ಸೆಪ್ಟೆಂಬರ್ 22ರಿಂದ ಗಡಿ 2,500 ರೂಪಾಯಿಗೆ ಏರಿ, ಅದರ ಮೇಲಿನದಕ್ಕೆ 18% ಆದಮೇಲಂತೂ ತೆರಿಗೆ ಸೇರಿದ ಅಂಕಿಯಲ್ಲಿ ಹಿಂದಿನ ವರ್ಷದ ಜೊತೆ ಹೋಲಿಕೆಯೇ ಕೆಡುತ್ತಿತ್ತು. ತೆರಿಗೆ ಬಿಟ್ಟು, ವಾಪಸ್ ಕಳೆದು, ಉದ್ರಿ ಸೇರಿಸಿ: ಇದೇ "ಮಾರಾಟ" ಎಂದು ಒಂದು ಹಾಳೆಯಲ್ಲಿ ಬರೆದು ಅಪ್ಪ-ಮಗ ಇಬ್ಬರಿಂದಲೂ ಸಹಿ ಹಾಕಿಸಿಕೊಂಡೆ. ಗಲ್ಲಾದ ದುಡ್ಡಿಗೆ "ವಸೂಲಿ" ಎಂದು ಬೇರೆ ಹೆಸರು, ಬೇರೆ ಪುಟ. ಮ್ಯಾನೇಜರುಗಳಿಗೆ ಆ ಪುಟವೇ ಇಷ್ಟ.

ಮಾಲಿನ ಹೆಸರುಗಳ ಪಟ್ಟಿ ಇನ್ನೊಂದು ಕಥೆ. ಇಳಕಲ್ ಅನ್ನುವುದನ್ನು ಇಂಗ್ಲಿಷಿನಲ್ಲಿ ಒಬ್ಬ ಐ ಅಕ್ಷರದಿಂದ ಶುರು ಮಾಡಿದ್ದ, ಇನ್ನೊಬ್ಬ ಇ ಅಕ್ಷರದಿಂದ, ಮತ್ತೊಬ್ಬ ನಡುವೆ ಎರಡು ಎಲ್ ಹಾಕಿದ್ದ. ಊರಿನ ಹೆಸರೂ ಹಾಗೇ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಹೆಸರು ಬದಲಾದಾಗ ಬಿಲ್ಲಿಂಗಿನಲ್ಲಿ ಹುಬ್ಬಳ್ಳಿ ಆಯಿತು, ಟ್ಯಾಲಿಯಲ್ಲಿ ಹುಬ್ಳಿಯಾಗಿಯೇ ಉಳಿಯಿತು. ಇವೆಲ್ಲ ಬೇಸರದ ಕೆಲಸ. ಒಂದು ಜೋಡಣೆ ಪಟ್ಟಿ ಮಾಡಿ ಮುಗಿಸಿದೆ.

ನಗು ಬಂದದ್ದು ಡೇಟಾ ತರಿಸುವಾಗ. ಬಿಲ್ಲಿಂಗ್ ಕಂಪ್ಯೂಟರಿನಿಂದ ಕ್ಲೌಡಿಗೆ ಮಾಹಿತಿ ಸಾಗಿಸಲು ಗೇಟ್‌ವೇ ಅನ್ನುವ ಸಣ್ಣ ತಂತ್ರಾಂಶ ಹಾಕಿದ್ದೆ. ಬೆಳಿಗ್ಗೆ ಆರಕ್ಕೆ ತಾನಾಗಿ ನಡೆಯಲಿ ಎಂದು ಹೊತ್ತು ಗೊತ್ತು ಮಾಡಿದ್ದೆ. ದಿನಾ ಫೇಲ್. ಒಂದು ವಾರ ಪಾಸ್‌ವರ್ಡು, ಫೈರ್‌ವಾಲು ಅಂತ ಒದ್ದಾಡಿದ ಮೇಲೆ ಹುಬ್ಬಳ್ಳಿಯ ಹುಡುಗನೊಬ್ಬ ಹೇಳಿದ: "ರಾತ್ರಿ ಬಾಗಲಾ ಹಾಕುವಾಗ ಮೇನ್ ಸ್ವಿಚ್ ಆರಿಸ್ತೀವ್ರೀ." ಅರಿವೆ ಅಂಗಡಿ, ಶಾರ್ಟ್ ಸರ್ಕ್ಯೂಟಿನ ಭಯ. ಸರಿಯಾದದ್ದೇ. ಪ್ರೋ ಲೈಸೆನ್ಸಿನಲ್ಲಿ ದಿನಕ್ಕೆ ಎಂಟು ಸಲ ಮಾಹಿತಿ ತಾಜಾ ಮಾಡಿಕೊಳ್ಳಬಹುದು. ಪೂಜೆ ಮುಗಿದು ಕಸ ಗುಡಿಸಿದ ಮೇಲೆ ಹನ್ನೊಂದಕ್ಕೆ ಮೊದಲನೆಯದು, ಬಾಗಿಲು ಹಾಕುವ ಮುಂಚೆ ಒಂಬತ್ತಕ್ಕೆ ಕೊನೆಯದು ಎಂದು ಬದಲಿಸಿದೆ. ಬೆಳಿಗ್ಗೆ ಎದ್ದ ಕೂಡಲೇ ಕಾಣುವುದು ನಿನ್ನೆ ರಾತ್ರಿಯ ಅಂಕಿ. ಸಾಕು.

ಕೆಂಪು

ಮಾರ್ಚ್ ಮೊದಲ ವಾರ ಡ್ಯಾಶ್‌ಬೋರ್ಡ್ ಶುರುವಾಯಿತು. ಮೊದಲ ಪುಟದಲ್ಲಿ ಐದು ಅಂಗಡಿಗೆ ಐದು ಚೌಕ. ತಿಂಗಳ ಒಂದನೇ ತಾರೀಖಿನಿಂದ ನಿನ್ನೆವರೆಗಿನ ಮಾರಾಟ, ಪಕ್ಕದಲ್ಲಿ ಹೋದ ವರ್ಷ ಅದೇ ತಾರೀಖುಗಳದ್ದು. ಹೆಚ್ಚಾದರೆ ಹಸಿರು, 5%ಗಿಂತ ಹೆಚ್ಚು ಇಳಿದರೆ ಕೆಂಪು. ಶೇರು ಪೇಟೆಯ ಥರ ಇರಲಿ ಎಂದು ಕೇಳಿದ್ದು ಸಣ್ಣ ಸಾವ್ಕಾರರು, ಆಗಲಿ ಎಂದವನು ನಾನು.

ಹೋದ ವರ್ಷದ ಜೊತೆ ಹೋಲಿಸಲು ಪವರ್ ಬಿಐನಲ್ಲಿ ಒಂದು ಸಿದ್ಧ ಸೂತ್ರವಿದೆ: ಸೇಮ್‌ಪೀರಿಯಡ್‌ಲಾಸ್ಟ್‌ಇಯರ್. ಒಂದು ಸಾಲು ಬರೆದರೆ ಮುಗಿಯಿತು. ವಿಮಾ ಕಂಪನಿಯ ವರದಿಯಲ್ಲಿ ಅದನ್ನು ಎಷ್ಟು ಸಲ ಬರೆದಿದ್ದೆನೋ ಲೆಕ್ಕವಿಲ್ಲ. ಅಲ್ಲಿ ಕ್ರಿಸ್‌ಮಸ್ ಪ್ರತಿ ವರ್ಷ ಡಿಸೆಂಬರ್ 25ಕ್ಕೇ ಬರುತ್ತದೆ.

ಮಾರ್ಚ್ 22ರ ರಾತ್ರಿಯ ಹೊತ್ತಿಗೆ ಐದೂ ಚೌಕ ಕೆಂಪು. ಹುಬ್ಬಳ್ಳಿ 34% ಇಳಿಕೆ, ಧಾರವಾಡ 31, ಗದಗ 36, ಹಾವೇರಿ 38, ಬ್ಯಾಡಗಿ 52. 2023ರ ಮಾರ್ಚ್ 1ರಿಂದ 22ರ ನಡುವೆ ಇಡೀ ಯುಗಾದಿ ವ್ಯಾಪಾರ ಕೂತಿತ್ತು. 2024ರ ಅದೇ ತಾರೀಖುಗಳಲ್ಲಿ ಹಬ್ಬದ ಸುಳಿವೂ ಇಲ್ಲ. ನನ್ನ ಪಕ್ಕದ ಮನೆಯಲ್ಲೂ ಬೇವು-ಬೆಲ್ಲ ಹಂಚುತ್ತಾರೆ. ಆದರೂ ಸೂತ್ರ ಬರೆಯುವಾಗ ಅದು ತಲೆಗೆ ಬರಲಿಲ್ಲ.

ಶನಿವಾರ ಬೆಳಿಗ್ಗೆ ಸಣ್ಣ ಸಾವ್ಕಾರರು ಇದನ್ನು ನೋಡಿದರು, ಎರಡು ಕೆಲಸ ಮಾಡಿದರು. ಸೂರತ್ತಿನ ಏಜೆಂಟರಿಗೆ ಫೋನ್ ಮಾಡಿ ಯುಗಾದಿಗೆಂದು ಹೇಳಿದ್ದ ಸೀರೆ ಆರ್ಡರಿನಲ್ಲಿ ಅರ್ಧ ತಡೆಹಿಡಿಯಿರಿ ಎಂದರು. ಬ್ಯಾಡಗಿಯ ಮ್ಯಾನೇಜರಿಗೆ ಫೋನ್ ಮಾಡಿ ಈ ತಿಂಗಳ ಇನ್ಸೆಂಟಿವ್ ಇಲ್ಲ ಎಂದರು. ಅವರು ದುಡುಕಿದರು ಅಂತ ನಾನು ಹೇಳಲಾರೆ. ನೋಡಿ ನಿರ್ಧಾರ ಮಾಡಿ ಎಂದು ಮಾಡಿಕೊಟ್ಟವನೇ ನಾನು, ಅವರು ನೋಡಿದರು, ನಿರ್ಧಾರ ಮಾಡಿದರು. ಏಜೆಂಟರು ಹಳೇ ಕಾಲದವರು. ಸಂಜೆ ದೊಡ್ಡ ಸಾವ್ಕಾರರಿಗೆ ಫೋನ್ ಮಾಡಿ "ಏನು ತೊಂದರೆ?" ಎಂದು ವಿಚಾರಿಸಿದರು. ಆಮೇಲೆ ನನಗೆ ಬಂದದ್ದು ಆ ಹತ್ತು ಗಂಟೆಯ ಫೋನು.

ಕೀರ್ದಿಯ ಅಂಚು

ಭಾನುವಾರ ರಾತ್ರಿ ಬಸ್ಸು ಹತ್ತಿ ಸೋಮವಾರ ಬೆಳಿಗ್ಗೆ ಹುಬ್ಬಳ್ಳಿಯಲ್ಲಿಳಿದೆ. ಹೋಳಿ ಹುಣ್ಣಿಮೆ. ಓಣಿಗಳಲ್ಲಿ ರತಿ-ಕಾಮರನ್ನು ಕೂರಿಸಿದ್ದರು. ಅಲ್ಲಿ ಬಣ್ಣವಾಡುವುದು ರಂಗಪಂಚಮಿಗೆ, ಹಾಗಾಗಿ ಅಂಗಡಿ ತೆರೆದೇ ಇತ್ತು.

ದೊಡ್ಡ ಸಾವ್ಕಾರರು ಬೈಯಲಿಲ್ಲ. ಚಹಾ ತರಿಸಿದರು, ಮಗನಿಗೆ ಮೇಲಿನ ಕಪಾಟು ತೆಗೆಯಲು ಹೇಳಿದರು. ಒಳಗೆ ಕೆಂಪು ಬಟ್ಟೆಯ ರಟ್ಟಿನ ಕೀರ್ದಿ ಪುಸ್ತಕಗಳು. 2017ರ ಜುಲೈನಲ್ಲಿ ಜಿಎಸ್‌ಟಿ ಬರುವವರೆಗೂ ಅವರ ನಿತ್ಯದ ಲೆಕ್ಕವೆಲ್ಲ ಇವುಗಳಲ್ಲೇ. ಪ್ರತಿ ಪುಸ್ತಕ ಶುರುವಾಗುವುದು ದೀಪಾವಳಿ ಪಾಡ್ಯದಿಂದ. ನನಗೆ ಆಸೆ ಹುಟ್ಟಿಸಿದ್ದು ಅಂಚಿನಲ್ಲಿ ಸಣ್ಣಗೆ ಬರೆದಿದ್ದ ಮಾತುಗಳು. "ಯುಗಾದಿ ಗಿರಾಕಿ ಸುರು." "ಪಂಚಮಿ ಸಂತಿ ಜೋರ." "ಮಳಿ ಇಲ್ಲ." ನೋಟು ರದ್ದತಿಯ ಮರುದಿನ, 2016ರ ನವೆಂಬರ್ 9ರ ಪುಟದಲ್ಲಿ "ನೋಟ ಬಂದ. ಗಿರಾಕಿ ಇಲ್ಲ."

ಹಬ್ಬದ ತಾರೀಖು ಯಾವ ಪಂಚಾಂಗದಲ್ಲೂ ಸಿಗುತ್ತದೆ. ಹಬ್ಬಕ್ಕೆ ಎಷ್ಟು ದಿನ ಮುಂಚೆ ಜನ ಅರಿವೆ ಕೊಳ್ಳಲು ಬರುತ್ತಾರೆ ಅನ್ನುವುದು ಪಂಚಾಂಗದಲ್ಲಿಲ್ಲ. ಅದು ಆ ಅಂಚಿನಲ್ಲಿತ್ತು. ಬಿಲ್ಲಿಂಗಿನ ಡೇಟಾ ನಮ್ಮ ಹತ್ತಿರ ಇದ್ದದ್ದು 2021ರಿಂದ ಮಾತ್ರ, ಹಿಂದಿನದು ಹಾರ್ಡ್ ಡಿಸ್ಕ್ ಕೆಟ್ಟು ಹೋಗಿತ್ತು. ಎರಡು ದಿನ ಕೂತು ಎಂಟು ವರ್ಷದ ಅಂಚುಗಳನ್ನು ಎಕ್ಸೆಲ್ಲಿಗೆ ಇಳಿಸಿದೆ. ಸಾವ್ಕಾರರು ಓದಿದರು, ಲೆಕ್ಕದ ಹುಡುಗಿ ಟೈಪ್ ಮಾಡಿದಳು. ಮೋಡಿ ಲಿಪಿಯಂಥ ಆ ಅಕ್ಷರ ನನಗೆ ಓದಲಾಗಲಿಲ್ಲ. ಆಮೇಲೆ ಮೂರು ವರ್ಷದ ಬಿಲ್ಲುಗಳ ಜೊತೆ ತಾಳೆ ನೋಡಿದೆವು. ಹುಬ್ಬಳ್ಳಿಯಲ್ಲಿ ಯುಗಾದಿ ವ್ಯಾಪಾರ ಹನ್ನೆರಡು ದಿನ ಮುಂಚೆ ಏಳುತ್ತದೆ. ಬ್ಯಾಡಗಿಯಲ್ಲಿ ಆರೇ ದಿನ.

ಡ್ಯಾಶ್‌ಬೋರ್ಡಿನ ಒಳಗೆ ದಿನಕ್ಕೊಂದು ಸಾಲಿರುವ ತಾರೀಖಿನ ಕೋಷ್ಟಕ ಇರುತ್ತದೆ. ತಿಂಗಳು, ವಾರ, ಹಣಕಾಸು ವರ್ಷ ಎಲ್ಲ ಅದರಿಂದಲೇ ಬರುವುದು. ಅದಕ್ಕೆ ಹೊಸ ಕಾಲಂಗಳನ್ನು ಸೇರಿಸಿದೆ: ಹತ್ತಿರದ ಹಬ್ಬ ಯಾವುದು, ಅದಕ್ಕೆ ಎಷ್ಟು ದಿನ ಉಳಿದಿದೆ. ಹೋಲಿಕೆ ತಾರೀಖಿಗೆ ತಾರೀಖಲ್ಲ, ಹಬ್ಬಕ್ಕೆ ಉಳಿದ ದಿನಕ್ಕೆ. 2024ರ ಮಾರ್ಚ್ 22 ಅಂದರೆ ಯುಗಾದಿಗೆ 18 ದಿನ. 2023ರಲ್ಲಿ ಯುಗಾದಿಗೆ 18 ದಿನ ಇದ್ದದ್ದು ಮಾರ್ಚ್ 4ರಂದು. ಹಾಗಾಗಿ 2024ರ ಮಾರ್ಚ್ 1ರಿಂದ 22ಕ್ಕೆ ಜೋಡಿ 2023ರ ಫೆಬ್ರವರಿ 11ರಿಂದ ಮಾರ್ಚ್ 4.

ಇಷ್ಟು ಅಂತರ ಯಾಕೆ ಬಂತು ಅನ್ನುವುದನ್ನೂ ಸಣ್ಣ ಸಾವ್ಕಾರರಿಗೆ ಬಿಡಿಸಿ ಹೇಳಬೇಕಾಯಿತು. ಚಾಂದ್ರಮಾನ ವರ್ಷ ಸುಮಾರು 354 ದಿನ, ಇಂಗ್ಲಿಷ್ ವರ್ಷಕ್ಕಿಂತ ಹನ್ನೊಂದು ದಿನ ಕಮ್ಮಿ. ಹಬ್ಬಗಳು ಹಿಂದೆ ಹಿಂದೆ ಸರಿಯುತ್ತ ಬರುತ್ತವೆ, ಎರಡೂವರೆ-ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಬಂದು ಒಮ್ಮೆಲೇ ಮುಂದೆ ದೂಡುತ್ತದೆ. 2023ರಲ್ಲಿ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ ಇತ್ತು. ಆಮೇಲಿನ ಎಲ್ಲ ಹಬ್ಬಗಳೂ ತಡವಾದವು. ನಾಗರ ಪಂಚಮಿ 2022ರಲ್ಲಿ ಆಗಸ್ಟ್ 2, 2023ರಲ್ಲಿ ಆಗಸ್ಟ್ 21. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವ ಸೀಮೆ ಇದು, ಸೀರೆ ಅಂಗಡಿಗೆ ಅದೇನು ಸಣ್ಣ ದಿನವಲ್ಲ.

ಹಣಕಾಸು ವರ್ಷದ ಲೆಕ್ಕ ಇನ್ನೂ ತಮಾಷೆ. 2022-23ರಲ್ಲಿ ಎರಡು ಯುಗಾದಿ: 2022ರ ಏಪ್ರಿಲ್ 2, 2023ರ ಮಾರ್ಚ್ 22. 2023-24ರಲ್ಲಿ ಒಂದೂ ಇಲ್ಲ. 2024-25ರಲ್ಲಿ ಮತ್ತೆ ಎರಡು: ಏಪ್ರಿಲ್ 9, ಮಾರ್ಚ್ 30. ಬ್ಯಾಂಕಿನವರಿಗೆ ತೋರಿಸುವ ವಾರ್ಷಿಕ ಪುಟದಲ್ಲಿ ಇದನ್ನೊಂದು ಟಿಪ್ಪಣಿಯಾಗಿ ಹಾಕೋಣ ಎಂದು ನಾನು ಹುರುಪಿನಲ್ಲಿ ಹೇಳಿದೆ. ಸಾವ್ಕಾರರು ತಡೆದರು. "ಎರಡನೇ ತಾರೀಖ ಹಬ್ಬ ಇದ್ದಾಗ ಗಿರಾಕಿ ಮಾರ್ಚ್‌ನಾಗ ಬಂದ ಹೋಗ್ಯಾರ್ರೀ. ಹಬ್ಬ ಎಣಿಸಬ್ಯಾಡ್ರಿ, ಗಿರಾಕಿ ಎಣಿಸ್ರಿ." ಸರಿಯಾದ ಮಾತು. 2022ರ ಯುಗಾದಿಯ ದುಡ್ಡು ಬಹುಪಾಲು ಹಿಂದಿನ ವರ್ಷದ ಲೆಕ್ಕದಲ್ಲಿತ್ತು. ಟಿಪ್ಪಣಿ ಕೈಬಿಟ್ಟು, ಪ್ರತಿ ವರ್ಷದೊಳಗೆ ಹಬ್ಬದ ವ್ಯಾಪಾರದ ದಿನ ಎಷ್ಟು ಬಿದ್ದವು ಅನ್ನುವ ಎಣಿಕೆಯನ್ನು ಹಾಕಿದೆ.

ಹೊಸ ಹೋಲಿಕೆಯಲ್ಲಿ ಅದೇ 22 ದಿನ: ಹುಬ್ಬಳ್ಳಿ 6% ಏರಿಕೆ. ಧಾರವಾಡ 3% ಏರಿಕೆ. ಗದಗ 1% ಇಳಿಕೆ, ಹಾವೇರಿ 4% ಇಳಿಕೆ. ಸೂರತ್ತಿಗೆ ಬುಧವಾರ ಫೋನ್ ಹೋಯಿತು. ಅಷ್ಟರಲ್ಲಿ ಕೆಲವು ಡಿಸೈನು ಬೇರೆಯವರ ಪಾಲಾಗಿದ್ದವು, ಉಳಿದ ಮಾಲು ಬಂದದ್ದು ಏಪ್ರಿಲ್ 4ಕ್ಕೆ. ಹಬ್ಬಕ್ಕೆ ಐದೇ ದಿನ ಇತ್ತು. ಎಷ್ಟು ವ್ಯಾಪಾರ ಕೈತಪ್ಪಿತು ಅನ್ನುವುದಕ್ಕೆ ಲೆಕ್ಕ ಸಿಗದು, ಇಲ್ಲದ ಸೀರೆಗೆ ಬಿಲ್ ಆಗುವುದಿಲ್ಲವಲ್ಲ.

ಹಬ್ಬವೊಂದೇ ಅಲ್ಲ

ಈ ಹೊಸ ಹೋಲಿಕೆಯನ್ನೂ ನಾನು ಪೂರ್ತಿ ನಂಬುವುದಿಲ್ಲ. ಯುಗಾದಿಗೆ ಹೊಂದಿಸಿದರೆ ರಂಜಾನ್ ತಪ್ಪುತ್ತದೆ. ರಂಜಾನಿಗೆ ಅಧಿಕಮಾಸವಿಲ್ಲ, ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತಲೇ ಹೋಗುತ್ತದೆ. 2023ರಲ್ಲಿ ಯುಗಾದಿಯಾಗಿ ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ 22ಕ್ಕೆ ರಂಜಾನ್. 2024ರಲ್ಲಿ ಯುಗಾದಿ 9, ರಂಜಾನ್ 11. ಎರಡು ಹಬ್ಬದ ಗಿರಾಕಿ ಒಂದೇ ವಾರ. ಹುಬ್ಬಳ್ಳಿ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ರಂಜಾನ್ ವ್ಯಾಪಾರ ತಮ್ಮಲ್ಲಿ ಅಷ್ಟಕ್ಕಷ್ಟೇ ಎಂದು ದೊಡ್ಡ ಸಾವ್ಕಾರರು ಬಹಳ ವರ್ಷದಿಂದ ಹೇಳುತ್ತಿದ್ದರು. 2022, 2023ರ ಬಿಲ್ಲುಗಳಲ್ಲಿ ಹಬ್ಬದ ಮುಂಚಿನ ಹತ್ತು ದಿನ ತೆಗೆದು ತೋರಿಸಿದೆ: ಮಕ್ಕಳ ರೆಡಿಮೇಡು, ಡ್ರೆಸ್ ಮಟೀರಿಯಲ್ಲು ಎರಡೂ ದೀಪಾವಳಿಗೆ ಹತ್ತಿರ ಹತ್ತಿರ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು, ಏನೂ ಅನ್ನಲಿಲ್ಲ. ಮುಂದಿನ ಖರೀದಿಯಲ್ಲಿ ಮಕ್ಕಳ ಮಾಲು ಹೆಚ್ಚಿತ್ತು.

ಎರಡೂ ಹಬ್ಬ ಕೂಡಿ ಬಂದಾಗ ಯಾವ ವ್ಯಾಪಾರ ಯಾವುದರದ್ದು ಎಂದು ಬಿಡಿಸುವುದು ಹೇಗೆ? ಬಿಲ್ಲಿನಲ್ಲಿರುವ ಗಿರಾಕಿಯ ಹೆಸರು ನೋಡಿ ವಿಂಗಡಿಸಬಹುದಲ್ಲ ಎಂದು ಸಣ್ಣ ಸಾವ್ಕಾರರು ಕೇಳಿದರು. ಬೇಡ ಅಂದೆ. ಅಂಥ ಪಟ್ಟಿ ಒಮ್ಮೆ ತಯಾರಾದರೆ ಅದು ಸೀರೆ ಲೆಕ್ಕಕ್ಕೆ ಮಾತ್ರ ಉಳಿಯುತ್ತದೆಂದು ಯಾರೂ ಹೇಳಲಾರರು. ಅವರೂ ಒತ್ತಾಯಿಸಲಿಲ್ಲ. ಹಾಗಾಗಿ ಆ ಹತ್ತು-ಹದಿನೈದು ದಿನವನ್ನು "ಜೋಡಿ ಹಬ್ಬ" ಎಂದು ಒಟ್ಟಾಗಿಯೇ ಗುರುತಿಸಿದ್ದೇವೆ.

ಇನ್ನೊಂದು ಚುನಾವಣೆ. 2023ರಲ್ಲಿ ವಿಧಾನಸಭೆಯ ನೀತಿಸಂಹಿತೆ ಜಾರಿಯಾದದ್ದು ಮಾರ್ಚ್ 29ಕ್ಕೆ, ಯುಗಾದಿ ಮುಗಿದು ಒಂದು ವಾರಕ್ಕೆ. 2024ರಲ್ಲಿ ಲೋಕಸಭೆಯದ್ದು ಮಾರ್ಚ್ 16ಕ್ಕೇ ಜಾರಿ, ಧಾರವಾಡ-ಹಾವೇರಿಯಲ್ಲಿ ಮತದಾನ ಮೇ 7. ಇಡೀ ಯುಗಾದಿ ಅದರೊಳಗೆ. 50 ಸಾವಿರಕ್ಕಿಂತ ಹೆಚ್ಚು ನಗದು ಒಯ್ಯುವವರು ಚೆಕ್‌ಪೋಸ್ಟಿನಲ್ಲಿ ದಾಖಲೆ ತೋರಿಸಬೇಕು. ಮದುವೆ ಅರಿವೆ ಸಂತೆಗೆ ಹಳ್ಳಿಯಿಂದ ಟೆಂಪೋ ಮಾಡಿಕೊಂಡು, ಸೊಂಟದಲ್ಲಿ ದುಡ್ಡು ಕಟ್ಟಿಕೊಂಡು ಬರುವವರಿಗೆ ಯಾವ ದಾಖಲೆ? ತಾರೀಖಿನ ಕೋಷ್ಟಕಕ್ಕೆ ನೀತಿಸಂಹಿತೆಯೂ ಒಂದು ಕಾಲಂ ಆಯಿತು.

ಬ್ಯಾಡಗಿ

ಎಲ್ಲ ಸರಿಮಾಡಿದ ಮೇಲೂ ಒಂದು ಚೌಕ ಕೆಂಪಾಗಿಯೇ ಉಳಿಯಿತು. ಬ್ಯಾಡಗಿ, 27% ಇಳಿಕೆ.

ಈಗ ದೊಡ್ಡ ಸಾವ್ಕಾರರು ಒಪ್ಪಲಿಲ್ಲ. "ಅಲ್ಲೂ ಯುಗಾದಿನ ರೀ, ಹಬ್ಬ ಆಗ್ಲಿ, ನೆಟ್ಟಗಾಗತೈತಿ." ನಾಲ್ಕು ದಿನದ ಹಿಂದೆ ಕಂಪ್ಯೂಟರಿಗಿಂತ ಮೊದಲು ತಪ್ಪು ಹಿಡಿದವರು ಅವರೇ. ಆದರೆ ಹಬ್ಬವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಉಳಿದ ಇಳಿಕೆ ಇದು. ಬುಧವಾರ ಮಧ್ಯಾಹ್ನ ನಾನೇ ಬ್ಯಾಡಗಿಗೆ ಹೋದೆ.

ಮ್ಯಾನೇಜರು ನನ್ನನ್ನು ನೋಡಿ ಕುರ್ಚಿ ಹಾಕಿದರು, ತಾವು ನಿಂತೇ ಇದ್ದರು. ಇಪ್ಪತ್ತು ವರ್ಷದಿಂದ ಅದೇ ಮನೆತನದ ಕೆಲಸದಲ್ಲಿರುವವರು.

"ಸರ್ರ, ನಿಮ್ಮ ಕೆಂಪ ಬಣ್ಣ ನನ್ನ ಪಗಾರದಾಗ ಬಂತ್ರೀ" ಅಂದರು. ಸಿಟ್ಟಿಲ್ಲ, ನಗುವೂ ಇಲ್ಲ.

ಆಮೇಲೆ ಅರ್ಧ ಗಂಟೆ ಅವರು ಹೇಳಿದ್ದು ಯಾವ ಡೇಟಾಬೇಸಿನಲ್ಲೂ ಇರಲಿಲ್ಲ. ಬ್ಯಾಡಗಿ ಮೆಣಸಿನಕಾಯಿ ಪೇಟೆ. ಮುಖ್ಯ ವಹಿವಾಟು ಸೋಮವಾರ, ಗುರುವಾರ. ಸುಗ್ಗಿಯ ತಿಂಗಳುಗಳಲ್ಲಿ ಚೀಲ ಮಾರಿದ ರೈತ ಊರಿಗೆ ಹೋಗುವ ಮುಂಚೆ ಹೆಂಡತಿ ಮಕ್ಕಳಿಗೆ ಅರಿವೆ ಕೊಳ್ಳುತ್ತಾನೆ. ಆ ಅಂಗಡಿ ನಿಂತಿರುವುದೇ ಆ ಎರಡು ದಿನದ ಮೇಲೆ. 2024ರಲ್ಲಿ ಮೆಣಸಿನಕಾಯಿ ದರ ಬಿತ್ತು. ಮಾರ್ಚ್ 11ರ ಸೋಮವಾರ ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿದ್ದ ವರ್ಷ ಅದು. "ಮೆಣಸಿನಕಾಯಿ ಹೋಗಲಿಲ್ಲ ಅಂದ್ರ ಸೀರಿ ಹೆಂಗ ಹೋಗ್ತಾವ್ರೀ?"

ವಾಪಸ್ ಬಂದು ಬ್ಯಾಡಗಿಯ ಮಾರಾಟವನ್ನು ವಾರದ ದಿನಗಳಂತೆ ಒಡೆದು ನೋಡಿದೆ. ಎರಡೂ ವರ್ಷದ ಜೋಡಿ 22 ದಿನಗಳಲ್ಲಿ ಮಂಗಳವಾರ, ಬುಧವಾರ, ಶನಿವಾರಗಳು ಹೆಚ್ಚುಕಮ್ಮಿ ಸಮ. ಬಿದ್ದಿದ್ದೆಲ್ಲ ಸೋಮವಾರ, ಗುರುವಾರ. ಮ್ಯಾನೇಜರ್ ಹೇಳಿದ್ದು ಅಂಕಿಯಲ್ಲಿ ಕಂಡಿತು. ಅಂಗಡಿ ಸೋತಿರಲಿಲ್ಲ, ಪೇಟೆ ಸೋತಿತ್ತು. ಆ ಪುಟವನ್ನು ಅಪ್ಪ-ಮಗ ಇಬ್ಬರ ಮುಂದೆ ಇಟ್ಟೆ. ದೊಡ್ಡವರು ಹಬ್ಬದ ಮಾತು ಬಿಟ್ಟರು. ಸಣ್ಣವರು ಇನ್ಸೆಂಟಿವ್ ವಾಪಸ್ ಕೊಡಿಸಿದರು, ಪೂರ್ತಿಯಲ್ಲ, ಅರ್ಧ. ಆ ಅರ್ಧಕ್ಕೆ ಕಾರಣವೇನು ಎಂದು ನಾನು ಕೇಳಬೇಕಿತ್ತು. ನನ್ನ ಮೂರನೇ ಕಂತು ಬಾಕಿ ಇತ್ತು, ಕೇಳಲಿಲ್ಲ.

ಆಮೇಲೆ ಎರಡು ಬದಲಾವಣೆ ಮಾಡಿದೆ. ಮೊದಲ ಪುಟದಲ್ಲಿ ಕೆಂಪು-ಹಸಿರು ಎರಡನ್ನೂ ತೆಗೆದು ಬರೀ ಅಂಕಿ, ಪಕ್ಕದಲ್ಲಿ ಯಾವುದರ ಜೊತೆ ಹೋಲಿಸಿದ್ದು ಅನ್ನುವ ಸಾಲನ್ನು ಇಟ್ಟೆ: "ಯುಗಾದಿಗೆ 18 ದಿನ ಇರುವಾಗ." ಸಣ್ಣ ಸಾವ್ಕಾರರಿಗೆ ಇದು ಸಪ್ಪೆಯೆನಿಸಿತು, ಈಗಲೂ ಅನಿಸುತ್ತದೆ. ಎರಡನೆಯದು ಟಿಪ್ಪಣಿ ಕಾಲಂ. ಪ್ರತಿ ಮ್ಯಾನೇಜರು ರಾತ್ರಿ ವಾಟ್ಸ್ಆ್ಯಪಿನಲ್ಲಿ ವಸೂಲಿ ಅಂಕಿ ಕಳಿಸುವಾಗ ಕೆಳಗೊಂದು ಸಾಲು ಬರೆಯಬೇಕು, ಲೆಕ್ಕದ ಹುಡುಗಿ ಅದನ್ನು ಎಕ್ಸೆಲ್ಲಿನಲ್ಲಿ ಹಾಕುತ್ತಾಳೆ, ಚೌಕದ ಮೇಲೆ ಬೆರಳಿಟ್ಟರೆ ಕಾಣುತ್ತದೆ. ಧಾರವಾಡದವರು ದಿನಾ "ಸಾಧಾರಣ" ಎಂದು ಬರೆಯುತ್ತಾರೆ. ಬ್ಯಾಡಗಿಯವರು ಸೋಮವಾರ, ಗುರುವಾರ ತಪ್ಪದೆ ಎಷ್ಟು ಚೀಲ ಬಂತು, ದರ ಎಷ್ಟಾಯಿತು ಎಂದು ಬರೆಯುತ್ತಾರೆ.

ಈ ಮರುಕೆಲಸಕ್ಕೆ ಎರಡು ವಾರ ಹಿಡಿಯಿತು. ಅದಕ್ಕೆ ಬಿಲ್ ಹಾಕಲಿಲ್ಲ. ಮೂರನೇ ಕಂತು ಬಂತು, ಜೂನ್‌ನಲ್ಲಿ.

ಈಗ

2025ರ ಯುಗಾದಿ ಮಾರ್ಚ್ 30, ರಂಜಾನ್ ಮಾರ್ಚ್ 31. ಏಪ್ರಿಲ್ ಮೊದಲ ಹತ್ತು ದಿನ ಹಳೇ ಸೂತ್ರ ಇದ್ದಿದ್ದರೆ ಐದೂ ಅಂಗಡಿ ಮತ್ತೆ ಕೆಂಪಾಗುತ್ತಿದ್ದವು, ಹಿಂದಿನ ವರ್ಷ ಎರಡೂ ಹಬ್ಬದ ವ್ಯಾಪಾರ ಆ ದಿನಗಳಲ್ಲಿತ್ತು. ಹಳೇ ಪುಟವನ್ನು ನಾನು ಅಳಿಸಿಲ್ಲ, ಮರೆಮಾಡಿದ್ದೇನೆ. ಆ ವಾರ ತೆಗೆದು ನೋಡಿದೆ. ಹುಬ್ಬಳ್ಳಿ ಅರ್ಧಕ್ಕಿಂತ ಕೆಳಗಿತ್ತು.

ಅದೇ ಏಪ್ರಿಲ್ 1ರಿಂದ ಪ್ರೋ ಲೈಸೆನ್ಸ್ 10ರಿಂದ 14 ಡಾಲರಿಗೆ ಏರಿತು. ಏಳು ಲಾಗಿನ್ ಐದಾಯಿತು. ಕಡಿತವಾದ ಎರಡರಲ್ಲಿ ಒಂದು ದೊಡ್ಡ ಸಾವ್ಕಾರರದ್ದು. ಅವರು ಅದನ್ನು ಒಮ್ಮೆಯೂ ತೆರೆದಿರಲಿಲ್ಲ. ಮಗ ದಿನಾ ರಾತ್ರಿ ಸ್ಕ್ರೀನ್‌ಶಾಟ್ ಕಳಿಸುತ್ತಾರೆ, ಅವರು ಮರುದಿನ ಬೆಳಿಗ್ಗೆ ನೋಡುತ್ತಾರೆ.

ತಾರೀಖಿನ ಕೋಷ್ಟಕಕ್ಕೆ ಹಬ್ಬ ತುಂಬಿಸುವ ಕೆಲಸ ಅವರದ್ದೇ. ಹೊಸ ಪಂಚಾಂಗ ಬಂದಾಗ ಪುಟಗಳ ಫೋಟೋ ತೆಗೆದು ನನಗೆ ಕಳಿಸುತ್ತಾರೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಆಮೇಲಿನ ಹಬ್ಬಗಳೆಲ್ಲ ಮತ್ತೆ ಮುಂದಕ್ಕೆ. ಅದನ್ನು ಹಾಕಿಯಾಗಿದೆ. "ಮದುವೆ ಮುಹೂರ್ತ" ಅನ್ನುವ ಕಾಲಂ ಮಾತ್ರ ಇನ್ನೂ ಖಾಲಿ. 2024ರ ಮೇ, ಜೂನ್‌ನಲ್ಲಿ ಶುಕ್ರ ಅಸ್ತನಾಗಿದ್ದ, ಪಂಚಾಂಗದಲ್ಲಿ ಮುಹೂರ್ತವಿರಲಿಲ್ಲ. ಆದರೂ ಹಾವೇರಿಯಲ್ಲಿ ಮದುವೆ ಸೀರೆಯ ಬಿಲ್ಲುಗಳು ಪೂರ್ತಿ ನಿಂತಿರಲಿಲ್ಲ. ಯಾಕೆ ಎಂದು ಹಾವೇರಿಯ ಮ್ಯಾನೇಜರನ್ನು ಕೇಳಿದ್ದೇನೆ. ಅವರ ಟಿಪ್ಪಣಿ ಇನ್ನೂ ಬಂದಿಲ್ಲ.